ಗಾಲಿಯ ಕೆಳಗಿನ ಮಣ್ಣು

ಮುಲುಂಡಿನಂಥ ಊರಲ್ಲಿ ಫೋರ್‌ವೀಲ್ ಪಿಕಪ್ ಇಟ್ಟುಕೊಂಡವರಿಗೆ ಬಿಲ್ಡಿಂಗಿನ ಜನ ಕೇಳುವ ಮೊದಲ ಪ್ರಶ್ನೆ, ‘ಇದನ್ನು ಓಡಿಸುವುದೆಲ್ಲಿ?’ ಎಂಬುದು. ನ್ಯಾಯವಾದ ಪ್ರಶ್ನೆಯೇ. ಎಲ್‌ಬಿಎಸ್ ಮಾರ್ಗದಲ್ಲಿ ಮೆಟ್ರೊ ಕಾಮಗಾರಿಯ ಹೊಂಡಗಳು ಎಷ್ಟಿದ್ದರೂ ಅವನ್ನು ದಾಟಲು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗಬೇಕಾಗಿಲ್ಲ. ಊರಿನ ಬೆನ್ನಿಗೇ ಗುಡ್ಡವಿದೆ, ನಿಜ. ಆದರೆ ಅದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಅಲ್ಲಿ ನಮ್ಮ ಗಾಡಿಗೆ ಕೆಲಸವಿಲ್ಲ, ಇರಲೂಬಾರದು. ಪ್ರಶ್ನೆಗೆ ಉತ್ತರ ಸಿಗುವುದು ಚೆಕ್‌ನಾಕಾ ದಾಟಿ, ಥಾಣೆ ದಾಟಿ, ಕಲ್ಯಾಣದಿಂದ ಮಾಳ್‌ಶೇಜ್ ಘಾಟಿನ ಕಡೆ ತಿರುಗುವ ಹೆದ್ದಾರಿಯಲ್ಲಿ, ಮುರ್‌ಬಾಡ್ ಸುತ್ತಿನ ಹಳ್ಳಿಗಳಲ್ಲಿ.

ನಮ್ಮ ಭಾವನವರ ತೋಟ ಆ ಕಡೆಯದು. ಬೈಂದೂರಿನಿಂದ ಹುಡುಗನಾಗಿ ಬಂದು, ಮುಲುಂಡಿನಲ್ಲಿ ಹೋಟೆಲ್ ಕಟ್ಟಿ, ತಲೆ ನರೆತ ಮೇಲೆ ಮಣ್ಣಿನ ಆಸೆ ಮತ್ತೆ ಚಿಗುರಿ ಕೊಂಡ ಜಾಗ. ಬಾಳೆ, ಕರಿಬೇವು, ನುಗ್ಗೆ, ಒಂದಿಷ್ಟು ತೆಂಗು. ಬಾಳೆಲೆಯೂ ಕರಿಬೇವೂ ಪಿಕಪ್ಪಿನಲ್ಲಿ ನೇರ ಹೋಟೆಲಿಗೆ ಬರುತ್ತವೆ. ಹೆದ್ದಾರಿ ಬಿಟ್ಟ ಮೇಲೆ ಹಳ್ಳಿಯ ಡಾಂಬರು, ಆಮೇಲೆ ಮುರುಮ್, ಅಂದರೆ ಗರಸು ಹಾಕಿದ ಗಾಡಿದಾರಿ, ಕಡೆಗೆ ಭತ್ತದ ಗದ್ದೆಗಳ ನಡುವೆ ಬರೀ ಕಪ್ಪು ಮಣ್ಣು. ಬೇಸಿಗೆಯಲ್ಲಿ ಅಲ್ಲಿಗೆ ರಿಕ್ಷಾ ಕೂಡ ಹೋಗುತ್ತದೆ. ಜೂನ್ ನಡುವಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಮಾತ್ರ ಅದು ಬೇರೆಯೇ ದಾರಿ. ಮುರುಮ್ ನೀರನ್ನು ಕೆಳಗೆ ಬಿಟ್ಟುಕೊಟ್ಟು ಗಟ್ಟಿಯಾಗಿ ನಿಲ್ಲುತ್ತದೆ. ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಟೈರಿನ ಗೀರುಗಳೊಳಗೆ ತುಂಬಿ ಅಲ್ಲೇ ಅಂಟಿಕೊಳ್ಳುತ್ತದೆ. ನಾಲ್ಕಾರು ಸುತ್ತು ತಿರುಗುವಷ್ಟರಲ್ಲಿ ಎಂಥ ಹೊಸ ಟೈರಾದರೂ ಸವೆದ ಟೈರಿನ ಹಾಗೆ ನುಣ್ಣಗಾಗಿಬಿಡುತ್ತದೆ. ಗಾಡಿ ಎತ್ತ ಬೇಕಾದರೂ ಜಾರಬಹುದು.

ಈ ದಾರಿಯಲ್ಲಿ ಪಿಕಪ್ಪಿಗೆ ಹಿಡಿತ ಹೆಚ್ಚಿಸುವುದು ಹೇಗೆ ಎಂದು ಮುಂಬಯಿಯ ಅಂಗಡಿಗಳಲ್ಲಿ ಕೇಳಿದರೆ ಉತ್ತರಗಳಿಗೆ ಬರವಿಲ್ಲ. ಆಪೆರಾ ಹೌಸ್ ಸುತ್ತಲ ಬಿಡಿಭಾಗಗಳ ಅಂಗಡಿಯಿಂದ ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೇ ಸಾಮಾನಿನ ಗಲ್ಲಿಯವರೆಗೆ ಎಲ್ಲವೂ ಸಿಗುತ್ತದೆ: ಗಾಡಿಯನ್ನು ಎತ್ತರಿಸುವ ಕಿಟ್, ಮಡ್‌ಗಾರ್ಡಿನಿಂದ ಹೊರಚಾಚುವ ಅಗಲ ಟೈರು, ವಿಂಚ್, ಮಾಡಿನ ಮೇಲಿನ ಲೈಟು. ಲಕ್ಷಗಟ್ಟಲೆ ಸುರಿಯಬಹುದು. ನಾನು ಹೇಳಬೇಕೆಂದಿರುವುದು ಇಷ್ಟೇ: ಹಿಡಿತವನ್ನು ಹೆಚ್ಚಿಸುವ ಮೊದಲ ಮೂರು ಸಂಗತಿಗಳಿಗೆ ಹೆಚ್ಚುಕಡಿಮೆ ದುಡ್ಡೇ ಬೇಡ. ಟೈರಿನ ಗಾಳಿ, ಹಿಂದಿನ ಆಕ್ಸೆಲ್ ಮೇಲಿನ ಭಾರ, ಮತ್ತು ನಿಧಾನ. ಇವು ಮೂರನ್ನೂ ಸರಿಮಾಡಿಕೊಳ್ಳದವನಿಗೆ ನಾಲ್ಕನೆಯದನ್ನು ಮಾರುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಗಾಳಿಯ ಲೆಕ್ಕ ನೋಡಿ. ಒಂದು ಚಕ್ರದ ಮೇಲೆ 400 ಕಿಲೊ ಭಾರವಿದೆ ಎನ್ನೋಣ. ಟೈರಿನಲ್ಲಿ 32 ಪಿಎಸ್‌ಐ ಗಾಳಿ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೊ ಒತ್ತಡ. ಭಾಗಿಸಿದರೆ ಟೈರು ನೆಲಕ್ಕೆ ತಾಗುವ ಜಾಗ ಸುಮಾರು 180 ಚದರ ಸೆಂಟಿಮೀಟರು. ಹದಿನೈದು ಸೆಂಟಿಮೀಟರು ಅಗಲ, ಹನ್ನೆರಡು ಸೆಂಟಿಮೀಟರು ಉದ್ದ, ಅಷ್ಟೇ. ಒಂದೂವರೆ ಟನ್ನಿಗೂ ಮಿಕ್ಕ ಗಾಡಿ ನೆಲವನ್ನು ಹಿಡಿದಿರುವುದು ಇಂಥ ನಾಲ್ಕು ತುಂಡು ಜಾಗದಲ್ಲಿ. ಎಂಜಿನ್ ಎಷ್ಟು ದೊಡ್ಡದಿದ್ದರೂ ಅದರ ಶಕ್ತಿ ಮಣ್ಣಿಗೆ ಇಳಿಯಬೇಕಾದ್ದು ಅಲ್ಲಿಂದಲೇ. ಗಾಳಿಯನ್ನು 16ಕ್ಕೆ ಇಳಿಸಿದರೆ ಆ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಟೈರಿನ ಪಕ್ಕದ ಗೋಡೆಯ ಬಿಗುವೂ ಭಾರದ ಒಂದು ಪಾಲು ಹೊರುವುದರಿಂದ ಲೆಕ್ಕ ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೂ ದಿಕ್ಕು ಅದೇ. ಟೈರು ಅಗಲವಾಗುವುದಕ್ಕಿಂತ ಉದ್ದವಾಗಿ ಹರಡುತ್ತದೆ, ನೆಲದ ಉಬ್ಬುತಗ್ಗಿಗೆ ಬಾಗುತ್ತದೆ, ಮಣ್ಣನ್ನು ಅಗೆಯದೆ ಅದರ ಮೇಲೆ ನಡೆಯುತ್ತದೆ. ನಾಟಿಯ ಗದ್ದೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆರಳು ಅಗಲಿಸಿ, ಪಾದ ಚಪ್ಪಟೆಯಾಗಿ ಊರಿ ನಡೆಯುವವರು ಕೆಸರಿನಲ್ಲಿ ಸರಾಗ ಸಾಗುತ್ತಾರೆ, ಹಿಮ್ಮಡಿ ಒತ್ತಿದವರು ಮೊಣಕಾಲವರೆಗೆ ಇಳಿಯುತ್ತಾರೆ.

ಎಲ್ಲಿ ಎಷ್ಟು ಇಳಿಸಬೇಕು? ಮುರುಮ್ ಮತ್ತು ಕಲ್ಲಿನ ದಾರಿಗೆ 25ರ ಸುತ್ತಮುತ್ತ ಸಾಕು. ಒದ್ದೆ ಕಪ್ಪು ಮಣ್ಣಿಗೆ 20. ಮೆತ್ತಗಿನ ಮರಳಿಗೆ 15ರಿಂದ 18. ಅದಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಹಿಂದೆ ಸಾಮಾನು ಹೇರಿದ್ದರೆ ಹಿಂದಿನ ಟೈರುಗಳಲ್ಲಿ ಅಷ್ಟು ಇಳಿಸಬಾರದು. ಗಾಳಿ ಕಡಿಮೆಯಾದ ಟೈರಿನ ಗೋಡೆ ಹೊರಗೆ ಉಬ್ಬುತ್ತದೆ, ಸಹ್ಯಾದ್ರಿಯ ಕರಿಕಲ್ಲಿನ ಚೂಪು ಅಂಚು ಅದನ್ನು ಸೀಳಿಹಾಕಬಹುದು. ಅದಕ್ಕೇ ಗಾಳಿ ಇಳಿಸಿದ ಗಾಡಿಯನ್ನು ಕಲ್ಲಿನ ಜಾಗದಲ್ಲಿ ತುಂಬ ಜೋಪಾನವಾಗಿ ಬಿಡಬೇಕು. ಮತ್ತೆ ಡಾಂಬರಿಗೆ ಹತ್ತಿದ ಕೂಡಲೇ ಗಾಳಿ ತುಂಬಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಮೆತ್ತಗಿನ ಟೈರು ಹೆದ್ದಾರಿಯ ವೇಗಕ್ಕೆ ಒಳಗೊಳಗೇ ಕಾದು ಒಡೆಯುತ್ತದೆ. ಹಾಗಾಗಿ ಪಿಕಪ್ ಇರುವವರ ಬಳಿ ಎರಡು ಸಾಮಾನು ಇರಲೇಬೇಕು: ಗಾಳಿ ಅಳೆಯುವ ಗೇಜು, ಬ್ಯಾಟರಿಗೆ ಸಿಕ್ಕಿಸುವ ಪಂಪು. ಗಾಳಿ ತುಂಬಲು ಹೆದ್ದಾರಿಯ ಪಂಚರ್ ಅಂಗಡಿವರೆಗೆ ಹೋಗೋಣ ಎಂದು ಹೊರಟರೆ ಅಷ್ಟು ದೂರವೂ ಟೈರಿಗೆ ಪೆಟ್ಟೇ.

ಈ ವಿದ್ಯೆ ಮುಂಬಯಿಯ ಅಂಗಡಿಯಿಂದ ಬಂದದ್ದಲ್ಲ. ಬೈಂದೂರು ಸುತ್ತಿನ ನಮ್ಮೂರ ಕಡೆ ಮೊದಲಿನಿಂದ ಇದೆ. ಮರವಂತೆಯ ಆಸುಪಾಸಿನಲ್ಲಿ ಕೈರಂಪಣಿ ಬಲೆ ಎಳೆಯುವ ಹೊತ್ತಿಗೆ ಮೀನು ಒಯ್ಯಲು ಮರಳಂಚಿಗೆ ಬರುವ ಗಾಡಿಯವರಿಗೆ ಮರಳಿನ ಗುಣ ಗೊತ್ತು. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪಿನವರಿಗೆ ಕೆಸರು ಮತ್ತು ಬಂಡೆ ಎರಡರದೂ ಗುಣ ಗೊತ್ತು. 1343 ಮೀಟರ್ ಎತ್ತರದ ಆ ಬೆಟ್ಟದ ಕೊನೆಯ ಏರು ರಸ್ತೆಯೇ ಅಲ್ಲ. ಮಳೆನೀರು ಕೊರೆದ ಕೊರಕಲು, ಮುರಕಲ್ಲಿನ ಮೆಟ್ಟಿಲು, ಅವುಗಳ ನಡುವೆ ಕೆಂಪು ಜೇಡಿ. ಅಲ್ಲಿ ವರ್ಷಗಟ್ಟಲೆ ಹತ್ತಿಳಿದ ಹಳೆಯ ಮಹೀಂದ್ರ ಜೀಪುಗಳ ಡೀಸೆಲ್ ಎಂಜಿನ್ನಿನ ಬಲ ಅರವತ್ತು ಅಶ್ವಶಕ್ತಿಯ ಆಸುಪಾಸು. ಇವತ್ತು ಶೋರೂಮಿನಲ್ಲಿ ಸಿಗುವ ಟೊಯೋಟಾ ಹೈಲಕ್ಸ್ ಪಿಕಪ್ಪಿನದು 200ಕ್ಕೂ ಹೆಚ್ಚು. ಆದರೂ ಆ ಏರಿನಲ್ಲಿ ಹಳೆಯ ಜೀಪು ನಿಲ್ಲದೆ ಹೋಗುತ್ತದೆ.

ಕಾರಣ ಎರಡನೆಯ ಗೇರ್ ಲಿವರಿನಲ್ಲಿದೆ, ಲೋ ಗೇರ್ ಹಾಕುವ ಲಿವರಿನಲ್ಲಿ. ಯುದ್ಧಕಾಲದ ವಿಲ್ಲಿಸ್ ಜೀಪಿನ ವಿನ್ಯಾಸದಿಂದ ಬಂದ ಜೀಪುಗಳನ್ನು 1940ರ ದಶಕದ ಕೊನೆಗೆ ಮಹೀಂದ್ರ ಕಂಪೆನಿ ನಮ್ಮ ಈ ಮುಂಬಯಿಯಲ್ಲೇ, ಮಜಗಾಂವ್‌ನಲ್ಲಿ ಜೋಡಿಸಲು ಶುರುಮಾಡಿತು. ಮಹೀಂದ್ರದ ಜೀಪಿನ ಲೋ ಗೇರ್ ಚಕ್ರದ ತಿರುಗುಬಲವನ್ನು ಸುಮಾರು ಎರಡೂವರೆ ಪಟ್ಟು ಮಾಡುತ್ತಿತ್ತು, ವೇಗವನ್ನು ಅಷ್ಟೇ ಪಟ್ಟು ಇಳಿಸುತ್ತಿತ್ತು. ಈಗಿನ ಪಿಕಪ್ಪುಗಳಲ್ಲಿ ಲಿವರಿನ ಬದಲು ತಿರುಗಿಸುವ ಗುಂಡಿ ಬಂದಿದೆ, ಅನುಪಾತ ಮಾತ್ರ ಎರಡೂವರೆಯ ಸುತ್ತಮುತ್ತಲೇ ಇದೆ. ಲೋ ಹಾಕಿ, ಎರಡನೇ ಗೇರಿನಲ್ಲಿ, ಕ್ಲಚ್ ಮುಟ್ಟದೆ, ಆಕ್ಸಿಲೇಟರನ್ನು ಒಂದೇ ಸಮ ಹಿಡಿದರೆ ಚಕ್ರ ಮಣ್ಣನ್ನು ಹರಿಯದೆ ತಳ್ಳುತ್ತದೆ. ಬೈಂದೂರು ಕಡೆಯ ಹಿರಿಯ ಜೀಪ್ ಡ್ರೈವರೊಬ್ಬರು ಭಾವನಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ: “ಸಾವಕಾಶ ಬಿಡಿ, ಗಾಡಿ ತನ್ನಷ್ಟಕ್ಕೆ ಹತ್ತತ್ತ್. ಡೌಟ್ ಬಂದ್ರೆ ಮೊದ್ಲ್ ಇಳ್ದ್ ಕಾಣಿ.” ಇಳಿದು ನೋಡುವ ಆ ಅಭ್ಯಾಸ ಭಾವನಲ್ಲಿ ಇವತ್ತಿಗೂ ಇದೆ. ಕಪ್ಪು ಮಣ್ಣು ಶುರುವಾಗುವಲ್ಲಿ ಗಾಡಿ ನಿಲ್ಲಿಸಿ, ಚಪ್ಪಲಿ ಕಳಚಿ, ಕೋಲಿನಿಂದ ಚುಚ್ಚುತ್ತ ನಡೆದು ಬರುತ್ತಾರೆ. ಒಳಗೆ ಗಟ್ಟಿ ನೆಲ ಒಂದು ಗೇಣಿನೊಳಗೆ ಸಿಕ್ಕರೆ ಮುಂದೆ, ಇಲ್ಲದಿದ್ದರೆ ಗಾಡಿ ಅಲ್ಲೇ, ಬಾಳೆಲೆ ಆಳಿನ ತಲೆಯ ಮೇಲೆ.

ಫೋರ್‌ವೀಲನ್ನು ಕೆಸರಿಗೆ ಇಳಿಯುವ ಮೊದಲೇ ಹಾಕಬೇಕು, ಹೂತ ಮೇಲೆ ಹಾಕಿದರೆ ಅರ್ಧ ಪ್ರಯೋಜನ. ಹಳೆಯ ಗಾಡಿಗಳಲ್ಲಿ ಮುಂದಿನ ಹಬ್ಬುಗಳನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಅದನ್ನು ಮಾಡದೆ ಒಳಗಿನ ಲಿವರ್ ಎಳೆದರೆ ಮುಂದಿನ ಶಾಫ್ಟ್ ತಿರುಗುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ಹಾಗೆಯೇ ಒಣ ಡಾಂಬರಿನಲ್ಲಿ ಇದನ್ನು ಹಾಕಿ ಓಡಿಸಬಾರದು. ನಮ್ಮ ಬಹುತೇಕ ಪಿಕಪ್ಪುಗಳಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕು. ಮಣ್ಣಿನಲ್ಲಾದರೆ ಅಷ್ಟು ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರಲು ಎಡೆಯಿಲ್ಲದೆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಈಗ ಭಾರದ ಮಾತು. ಜೀಪಿಗಿಲ್ಲದ ಒಂದು ಕಷ್ಟ ಪಿಕಪ್ಪಿಗಿದೆ. ಅದನ್ನು ಕಟ್ಟಿರುವುದೇ ಹಿಂದೆ ಟನ್ನಿನ ಹತ್ತಿರ ಸಾಮಾನು ಹೊರಲಿಕ್ಕೆ. ಹಿಂದಿನ ಪಾಟಾಗಳು, ಅಂದರೆ ಲೀಫ್ ಸ್ಪ್ರಿಂಗುಗಳು, ಆ ಹೊರೆಗೆ ತಕ್ಕಷ್ಟು ಬಿಗಿಯಾಗಿರುತ್ತವೆ. ಸಾಮಾನು ಹೇರುವ ಡಾಲಾ ಖಾಲಿ ಇದ್ದಾಗ ಭಾರದ ದೊಡ್ಡ ಪಾಲು ಮುಂದೆ, ಎಂಜಿನ್ನಿನ ಕೆಳಗಿರುತ್ತದೆ. ಹಿಂದಿನ ಚಕ್ರಗಳು ಸಣ್ಣ ಉಬ್ಬಿಗೂ ಕುಪ್ಪಳಿಸುತ್ತವೆ, ಕುಪ್ಪಳಿಸುವ ಚಕ್ರಕ್ಕೆ ಹಿಡಿತವಿಲ್ಲ. ನಾವು ತೋಟಕ್ಕೆ ಹೋಗುವುದು ಖಾಲಿ ಗಾಡಿಯಲ್ಲಿ, ಬರುವುದು ಎಲೆ, ಕಾಯಿ ತುಂಬಿಕೊಂಡು. ಹೋಗುವಾಗಲೇ ಹೆಚ್ಚು ತೊಂದರೆ ಇರುತ್ತಿದ್ದದ್ದು. ಭಾವ ಅದಕ್ಕೆ ಕಂಡುಕೊಂಡ ಉಪಾಯ ಹೋಟೆಲಿನ ಖಾಲಿ ಅಕ್ಕಿ ಚೀಲಗಳು. ಅವಕ್ಕೆ ಮರಳು ತುಂಬಿ, ಬಾಯಿ ಹೊಲಿದು, ಹಿಂದಿನ ಆಕ್ಸೆಲ್ಲಿನ ನೇರಕ್ಕೆ ಸಾಲಾಗಿ ಇಟ್ಟು ಹಗ್ಗದಿಂದ ಬಿಗಿದರು. ನೂರೈವತ್ತು ಕಿಲೊ ಆದೀತು. ಗಾಡಿಯ ನಡೆಯೇ ಬದಲಾಯಿತು. ಚೀಲಗಳನ್ನು ಡಾಲಾದ ತುದಿಗೆ, ಆಕ್ಸೆಲ್ಲಿನಿಂದ ಹಿಂದಕ್ಕೆ ಇಟ್ಟರೆ ಮುಂಭಾಗ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಕಟ್ಟದೆ ಬಿಟ್ಟರೆ ಬ್ರೇಕ್ ಒತ್ತಿದಾಗ ಮುಂದಕ್ಕೆ ನುಗ್ಗುತ್ತವೆ. ತೋಟ ಮುಟ್ಟಿದ ಮೇಲೆ ಚೀಲಗಳನ್ನು ಇಳಿಸಿ ಎಲೆ ತುಂಬಬಹುದು. ಗಾಡಿ ಹೂತಾಗ ಚಕ್ರದ ಮುಂದೆ ಸುರಿಯಲಿಕ್ಕೆ ಮರಳೂ ಕೈಗೆ ಸಿಗುತ್ತದೆ. ದುಡ್ಡಿಲ್ಲದೆ ಸಿಗುವ ಇಂಥ ಪರಿಹಾರ ಇನ್ನೊಂದನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಮಾಡಿದರೂ ಗಾಡಿ ನಿಲ್ಲುವುದುಂಟು. ನಾಲ್ಕು ಚಕ್ರದ ಗಾಡಿ ಎರಡೇ ಚಕ್ರ ತಿರುಗಿಸುತ್ತ ನಿಂತಿರುವುದನ್ನು ಮೊದಲ ಸಲ ನೋಡಿದವರಿಗೆ ಮೋಸಹೋದ ಹಾಗೆ ಅನಿಸುತ್ತದೆ. ಅದರ ಮೂಲ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕೆ ಎಡೆಮಾಡಿಕೊಡುವ ಈ ಗೇರು ಜೋಡಣೆಗೆ 1820ರ ದಶಕದಲ್ಲೇ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಪೇಟೆಂಟ್ ಪಡೆದಿದ್ದ. ರಸ್ತೆಯಲ್ಲಿ ಅದು ವರವೇ. ಕೆಸರಿನಲ್ಲಿ ಅದರ ಸ್ವಭಾವ ತಿರುಗುಮುರುಗಾಗುತ್ತದೆ. ಅದು ಎರಡೂ ಚಕ್ರಕ್ಕೆ ಸಮ ಬಲ ಕೊಡುತ್ತದೆ, ಆದರೆ ಆ ಬಲ ಎಷ್ಟೆಂಬುದನ್ನು ನಿರ್ಧರಿಸುವುದು ಹೆಚ್ಚು ಜಾರುವ ಚಕ್ರ. ಒಂದು ಚಕ್ರ ನುಣ್ಣನೆಯ ಕೆಸರಿನಲ್ಲಿದ್ದರೆ, ಅದನ್ನು ತಿರುಗಿಸಲು ಬೇಕಾಗುವ ಅಲ್ಪ ಬಲವೇ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಸಿಗುವುದು. ಮುಂದೆ ಒಂದು, ಹಿಂದೆ ಒಂದು ಹೀಗೆ ಜಾರಿದರೆ ಫೋರ್‌ವೀಲೂ ನಿಂತಲ್ಲೇ.

ಅಂಥ ಹೊತ್ತಿಗೆ ಹ್ಯಾಂಡ್‌ಬ್ರೇಕ್ ಸಹಾಯಕ್ಕೆ ಬರುತ್ತದೆ. ಬಹುತೇಕ ಪಿಕಪ್ಪುಗಳಲ್ಲಿ ಅದು ಹಿಂದಿನ ಎರಡು ಚಕ್ರಗಳ ಡ್ರಮ್ಮಿನ ಮೇಲೆ ಕೆಲಸ ಮಾಡುತ್ತದೆ. ಒಂದೆರಡು ಹಲ್ಲು ಎಳೆದು ಮೆಲ್ಲಗೆ ಆಕ್ಸಿಲೇಟರ್ ಕೊಟ್ಟರೆ, ಬರಿದೇ ತಿರುಗುತ್ತಿದ್ದ ಚಕ್ರಕ್ಕೆ ತಡೆ ಹುಟ್ಟಿ, ಅಷ್ಟು ಬಲ ಆಚೆಯ ಚಕ್ರಕ್ಕೂ ದಾಟುತ್ತದೆ. ಹೊಸ ಗಾಡಿಗಳ ಟ್ರಾಕ್ಷನ್ ಕಂಟ್ರೋಲ್ ಮಾಡುವುದೂ ಇದನ್ನೇ, ಜಾರುವ ಚಕ್ರವನ್ನಷ್ಟೇ ಆರಿಸಿ ಬ್ರೇಕ್ ಹಿಡಿದು. ಇದಕ್ಕೂ ಮುಂದಿನದು ಲಾಕರ್. ಹೈಲಕ್ಸಿನಲ್ಲಿ ಗುಂಡಿ ಒತ್ತಿದರೆ ಹಿಂದಿನ ಎರಡೂ ಚಕ್ರ ಒಂದೇ ಸಮ ತಿರುಗುತ್ತವೆ. 2015ರಲ್ಲಿ ಮಹೀಂದ್ರ ಥಾರ್‌ಗೆ ಬಂದ ಈಟನ್ ಕಂಪೆನಿಯ ಲಾಕರ್ ತಾನಾಗಿಯೇ ಬೀಳುತ್ತದೆ. ಎರಡು ಚಕ್ರಗಳ ವೇಗದ ನಡುವೆ ನಿಮಿಷಕ್ಕೆ ಸುಮಾರು ನೂರು ಸುತ್ತಿನ ಅಂತರ ಬಂದಾಗ. ಅದು ಇರುವ ಗಾಡಿಯಲ್ಲಿ ಚಕ್ರ ಒಂದಿಷ್ಟು ತಿರುಗಲು ಬಿಡಬೇಕು, ಹೆದರಿ ತಕ್ಷಣ ಕಾಲು ತೆಗೆದರೆ ಲಾಕ್ ಬೀಳುವುದೇ ಇಲ್ಲ. ದುಡ್ಡು ಖರ್ಚು ಮಾಡಲೇಬೇಕೆಂದರೆ ನನ್ನ ಮತ ಹಿಂದಿನ ಆಕ್ಸೆಲ್ಲಿನ ಲಾಕರಿಗೆ. ವಿಂಚ್ ಆಮೇಲೆ.

ಆದರೆ ಟೈರು ಲಾಕರಿಗಿಂತಲೂ ಮೊದಲು ಬರಬೇಕಾದ ಖರ್ಚು. ಮುಲುಂಡಿನಿಂದ ಎರಡು ಸ್ಟೇಷನ್ ಆಚೆ, ಭಾಂಡುಪಿನಲ್ಲಿ, ಸಿಯೆಟ್ ಕಂಪೆನಿಯ ಟೈರು ಕಾರ್ಖಾನೆ ಇದೆ. ಇಟಲಿಯ ಟ್ಯೂರಿನ್ನಿನಲ್ಲಿ 1924ರಲ್ಲಿ ಹುಟ್ಟಿದ ಆ ಹೆಸರು 1958ರಲ್ಲಿ ಮುಂಬಯಿಗೆ ಬಂತು. ನಮ್ಮ ಉಪನಗರದ ಎಷ್ಟೋ ಮನೆಗಳು ರಬ್ಬರಿನ ಕೆಲಸದಲ್ಲಿ ಅನ್ನ ಕಂಡಿವೆ. ಆದರೂ ಟೈರು ಕೊಳ್ಳುವಾಗ ನಾವು ನೋಡುವುದು ಬೆಲೆಯನ್ನು, ಹೆಚ್ಚೆಂದರೆ ಅಗಲವನ್ನು. ಪಿಕಪ್ಪಿನ ಜೊತೆ ಬರುವ ಹೈವೇ ಟೈರಿನ ಗೀರುಗಳು ಕಿರಿದು. ಕಪ್ಪು ಮಣ್ಣು ಹೊಕ್ಕರೆ ಹೊರಗೆ ಬರುವುದಿಲ್ಲ. ಮಡ್ ಟೈರಿನ ದಪ್ಪ ಗುಬುಟುಗಳ ನಡುವೆ ಅಗಲ ಸಂದು ಇರುವುದು ತಿರುಗುವ ರಭಸಕ್ಕೆ ಮಣ್ಣು ಹಾರಿಹೋಗಲೆಂದು. ಅದೇ ಟೈರು ಒದ್ದೆ ಡಾಂಬರಿನಲ್ಲಿ ಬ್ರೇಕಿಗೆ ಅಷ್ಟು ಒಳ್ಳೆಯದಲ್ಲ, ಬೇಗ ಸವೆಯುತ್ತದೆ, ಸದ್ದೂ ಹೆಚ್ಚು. ವಾರವೆಲ್ಲ ನಗರದಲ್ಲಿ ಓಡಿ ಭಾನುವಾರ ತೋಟಕ್ಕೆ ಹೋಗುವ ಗಾಡಿಗೆ ನಡುವಿನ ಬಗೆಯ ಆಲ್‌ಟೆರೈನ್ ಟೈರೇ ತಕ್ಕದ್ದು. ಕಡು ಮಳೆಗಾಲಕ್ಕೆ ಮಲೆನಾಡಿನ ಎಸ್ಟೇಟುಗಳ ಜೀಪಿನವರು ಮಾಡುವಂತೆ ಟೈರಿಗೆ ಚೈನು ಕಟ್ಟಬಹುದು, ಗಟ್ಟಿ ರಸ್ತೆ ಸಿಕ್ಕ ಕೂಡಲೇ ಬಿಚ್ಚುವ ತಾಳ್ಮೆ ಇದ್ದರೆ. ಮಡ್‌ಗಾರ್ಡಿನಿಂದ ಹೊರಚಾಚುವ ಟೈರು, ಎತ್ತರಿಸಿದ ಮೈ, ಇವು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಕಣ್ಣಿಗೆ ಬೀಳುವ ಬದಲಾವಣೆಗಳು; ಕಂಪೆನಿ ನಮೂದಿಸಿದ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಿಡಿತಕ್ಕೆ ಅವು ಬೇಕಾಗಿಯೂ ಇಲ್ಲ.

ಹೂತ ಗಾಡಿಯನ್ನು ಎತ್ತುವ ಬಗ್ಗೆ ಒಂದು ಎಚ್ಚರಿಕೆಯನ್ನಾದರೂ ಹೇಳಲೇಬೇಕು. ತಾನಾಗಿ ಬೀಳುವ ಲಾಕರ್ ಇಲ್ಲದ ಗಾಡಿಯಾದರೆ, ಚಕ್ರ ನಿಂತಲ್ಲೇ ತಿರುಗತೊಡಗಿದ ಕ್ಷಣವೇ ಕಾಲು ತೆಗೆಯಿರಿ. ಮತ್ತೆ ಮತ್ತೆ ಒತ್ತಿದಷ್ಟೂ ಗುಂಡಿ ಆಳವಾಗಿ ಕೊನೆಗೆ ಆಕ್ಸೆಲ್ಲೇ ಮಣ್ಣಿನ ಮೇಲೆ ಕೂರುತ್ತದೆ. ಗುದ್ದಲಿಯಿಂದ ಚಕ್ರದ ಮುಂದಿನ ಮಣ್ಣನ್ನು ಇಳಿಜಾರಾಗಿ ಕೆತ್ತಿ, ಗೋಣಿಚೀಲವೋ ತೆಂಗಿನ ಗರಿಯೋ ಹಾಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ಬರಲು ನೋಡಿ. ಟ್ರ್ಯಾಕ್ಟರ್ ಕರೆಸಿ ಎಳೆಸುವುದಾದರೆ ಹಗ್ಗವನ್ನು ಚಾಸಿಗೆ ಬೋಲ್ಟಾದ ಎಳೆಕೊಕ್ಕೆಗೇ ಕಟ್ಟಿ. ಬಂಪರಿಗೆ, ಟ್ರೇಲರ್ ಸಿಕ್ಕಿಸುವ ಟೋ ಬಾಲಿಗೆ, ಲಾರಿಯಲ್ಲಿ ಗಾಡಿ ಸಾಗಿಸುವಾಗ ಬಿಗಿಯುವ ತೆಳು ಕಿವಿಗೆ ಕಟ್ಟಿ ಎಳೆದರೆ ಅದು ಕಿತ್ತು ಹಾರುತ್ತದೆ, ಎದುರಿಗಿದ್ದವರ ಜೀವ ತೆಗೆಯುತ್ತದೆ. ಎಳೆಯುವಾಗ ಹಗ್ಗದ ಉದ್ದದ ಎರಡರಷ್ಟು ದೂರದೊಳಗೆ ಯಾರನ್ನೂ ನಿಲ್ಲಗೊಡಬೇಡಿ, ಮಕ್ಕಳನ್ನಂತೂ ಹತ್ತಿರವೇ ಬಿಡಬೇಡಿ.

ಇನ್ನೊಂದು ಮಾತು ನಮ್ಮ ಜನಕ್ಕೆ, ಮುಂಬಯಿಯಲ್ಲಿ ದುಡಿದು ಶಹಾಪುರ, ಮುರ್‌ಬಾಡ್, ಕರ್ಜತ್ ಕಡೆ ಮಣ್ಣು ಕೊಂಡವರಿಗೆ. ಹಿಡಿತವಿರುವ ಗಾಡಿ ಇದೆ ಎಂದು ಗದ್ದೆಯ ಬದುವಿನ ಮೇಲೆ ಹತ್ತಿಸಬೇಡಿ. ಒಂದು ಸಲ ಬದು ಒಡೆದರೆ ಆ ಗದ್ದೆಯ ನೀರು ಹರಿದುಹೋಗುತ್ತದೆ, ಅಲ್ಲಿಯ ರೈತನ ವರ್ಷದ ನಾಟಿ ಹಾಳು. ದಾರಿ ಕೆಟ್ಟಿದ್ದರೆ ಅಕ್ಕಪಕ್ಕದವರೆಲ್ಲ ಕೂಡಿ ಮೇ ತಿಂಗಳಲ್ಲಿ ಎರಡು ಲಾರಿ ಮುರುಮ್ ಹಾಕಿಸಿ, ಪಕ್ಕದಲ್ಲಿ ನೀರು ಹೋಗಲು ಚರಂಡಿ ತೋಡಿಸಿ. ಅದರ ಮೇಲೆ ನಿಮ್ಮ ಪಿಕಪ್ಪೂ ಹೋಗುತ್ತದೆ, ಅವರ ಎತ್ತಿನ ಗಾಡಿಯೂ ಹೋಗುತ್ತದೆ. ಮಳೆ ಶುರುವಾಗುವ ಮೊದಲು ಗೇಜು, ಪಂಪು, ಗುದ್ದಲಿ, ನಾಲ್ಕು ಚೀಲ ಮರಳು ಗಾಡಿಗೆ ಹಾಕಿಕೊಳ್ಳಿ. ಲೈಟು, ವಿಂಚ್ ಬೇಕೋ ಬೇಡವೋ ಎಂಬುದನ್ನು ಒಂದು ಮಳೆಗಾಲ ಕಳೆದ ಮೇಲೆ ಯೋಚಿಸಿ.